ನಿಂಬೆಹುಲ್ಲಿನ ಹಬೆ ಹಿಡಿಯುವ ಅತ್ತಿಗೆ

ಮಳೆ ಹಿಂದೆಗೆದು ವಾರವಾಗಿದೆ. ನಿಂಬೆಹುಲ್ಲು ಸೊಂಟದೆತ್ತರ ಬಂದಿದೆ. ಇನ್ನೂ ಮಬ್ಬುಗತ್ತಲೆ. ಹಿತ್ತಿಲ ತಗಡಿನ ಮಾಡಿನಡಿ, ನಿನ್ನೆ ಕೊಯ್ದು ನೆರಳಲ್ಲಿ ಬಾಡಿಸಿದ ಹುಲ್ಲನ್ನು ಅತ್ತಿಗೆ ಆಳೆತ್ತರದ ಹಂಡೆಯೊಳಗೆ ಇಳಿದು ತುಳಿಯುತ್ತಿದ್ದಾರೆ. ನಾದಿನಿ ಮೇಲಿಂದ ಹೊರೆ ಕೊಡುತ್ತಾಳೆ. ಅವಳು ಕರೆದದ್ದನ್ನೇ ಕೇಳಿ ಕೇಳಿ ಇಡೀ ಬೀದಿಗೆ ಇವರು ಅತ್ತಿಗೆ.

“ಸಡಿಲ ತುಂಬಿದ್ರೆ ಹಬೆ ಸುಮ್ನೆ ಬಂದು ಸುಮ್ನೆ ಹೋಗುತ್ತೆ, ದೂರದ ನೆಂಟರ ಹಾಗೆ. ಕೈಯಲ್ಲಿ ಏನೂ ಇರಲ್ಲ,” ಎನ್ನುತ್ತಾರೆ ಅತ್ತಿಗೆ.

ಅತ್ತಿಗೆಯ ಗಂಡ ತೀರಿಕೊಂಡ ವರ್ಷ ಹಂಡೆಯನ್ನು ಗುಜರಿಗೆ ಹಾಕು ಎಂದವರೇ ಎಲ್ಲ. ಬೇಡ ಎಂದವಳು ನಾದಿನಿ ಒಬ್ಬಳೇ. ಅದಾಗಿ ಇಪ್ಪತ್ತಾರು ವರ್ಷ. ಮೂರು ಕ್ವಿಂಟಲ್ ಹುಲ್ಲು, ಮೂರು ತಾಸಿನ ಬೆಂಕಿ. ಕೊನೆಗೆ ಹಬೆ ತಣಿದು ಇಳಿದ ನೀರಿನ ಮೇಲೆ ತೇಲಿ ಬರುವ ಹೊನ್ನಿನ ಬಣ್ಣದ ಎಣ್ಣೆ ಒಂದು ಲೀಟರಿಗೆ ತುಸು ಹೆಚ್ಚು.

ಅದು ಸೋಪಿಗೆ ಪರಿಮಳ. ನೆಲ ಒರೆಸುವ ನೀರಿಗೆ ನಾಲ್ಕು ಹನಿ ಬಿದ್ದರೆ ಮನೆಯೆಲ್ಲ ಘಮಘಮ, ಸೊಳ್ಳೆಯೂ ಒಳಬರಲು ಹಿಂದೆಮುಂದೆ ನೋಡುತ್ತದೆ. ಅಡುಗೆ ಎಣ್ಣೆಗೆ ಬೆರೆಸಿ ತಿಕ್ಕಿದರೆ ದಣಿದ ಕಾಲಿಗೆ ಹಿತ. ಬೆರೆಸದೆ ಹಚ್ಚಿದರೆ ಚರ್ಮ ಉರಿಯುತ್ತದೆಂದು ಅತ್ತಿಗೆ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಮಂಡಿನೋವು ಹೋಗುತ್ತದೆಯೇ ಎಂದರೆ, “ತಿಕ್ಕೋರು ಇದ್ರೆ ಅರ್ಧ ಹೋಗುತ್ತೆ. ಇನ್ನರ್ಧಕ್ಕೆ ಡಾಕ್ಟರ್ ಇದಾರೆ.”

ಇಂದು ಹಂಗಾಮಿನ ಎಣ್ಣೆಯನ್ನೆಲ್ಲ ಕೊಳ್ಳುವ ಸೋಪಿನವರು ಬರಲಿದ್ದಾರೆ. ಹೋದ ತಿಂಗಳು ಅಲ್ಯೂಮಿನಿಯಂ ಕ್ಯಾನು ತೊಳೆದು ಒಣಗಿರಲಿಲ್ಲ. ಎರಡು ದಿನ ತಾನೇ ಎಂದು ಅತ್ತಿಗೆಯೇ ಎಣ್ಣೆಯನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದಿದ್ದರು. ಅಪ್ಪಟ ಎಣ್ಣೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆಂದು ಹತ್ತು ಜನಕ್ಕೆ ಹೇಳಿದವರು ಅವರೇ. ಸೋಪಿನವರ ಕೈಸೇರುವಷ್ಟರಲ್ಲಿ ಡಬ್ಬಿಯ ತಳ ಮುದುಡಿ, ಎಣ್ಣೆಗೆ ಟಾರಿನ ವಾಸನೆ ಹತ್ತಿ, ಸೋಪಿಗೆ ಬಾರದೆ ಹೋಯಿತು. ಸೋಪಿನವರು ಬೈಯಲಿಲ್ಲ, ಬಂದು ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದರು. ಬೈದಿದ್ದರೆ ಅತ್ತಿಗೆಗೆ ನಿದ್ದೆಯಾದರೂ ಬರುತ್ತಿತ್ತು ಎನ್ನುತ್ತಾಳೆ ನಾದಿನಿ.

ಬಿಸಿಲೇರುವ ಹೊತ್ತಿಗೆ ಅವರು ಬರುತ್ತಾರೆ. ಬಿಳಿ ಕಾಗದದ ಮೇಲೆ ಇಂದಿನ ಎಣ್ಣೆಯ ಒಂದು ಹನಿ ಬಿಟ್ಟು ಕಾಯುತ್ತಾರೆ. ಹನಿ ಆರುತ್ತದೆ, ಜಿಡ್ಡಿನ ಕಲೆಯಿಲ್ಲ, ಅಂದರೆ ಬೆರಕೆಯಿಲ್ಲ. ಮೂಸುತ್ತಾರೆ, ಮತ್ತೊಮ್ಮೆ ಮೂಸುತ್ತಾರೆ. ಈ ಹಂಗಾಮಿನದ್ದೂ ತಮಗೇ ಬೇಕು ಎನ್ನುತ್ತಾರೆ.

ಅತ್ತಿಗೆ ಇಂದಿನ ಕ್ಯಾನನ್ನು ಅವರ ಮುಂದಿಡುತ್ತಾರೆ: ಇದು ಕೆಟ್ಟ ಎಣ್ಣೆಯ ಬದಲಿಗೆ, ದುಡ್ಡು ಬೇಡ. ಹೋಗಲಿ ಬಿಡಿ, ಅದರಲ್ಲಿ ಗೋದಾಮಿನ ನೆಲ ಒರೆಸಿದೆವು ಎಂದು ಅವರು ನಗುತ್ತಾರೆ.

“ಒರೆಸಿದ್ದು ನಿಮ್ಮ ದೊಡ್ಡತನ. ನಾನು ಕೊಟ್ಟಿದ್ದು ಸೋಪಿಗೆ ಅಂತ.”

ಅವರು ಕ್ಯಾನನ್ನು ತಮ್ಮತ್ತ ಎಳೆದುಕೊಳ್ಳುವವರೆಗೂ ಅತ್ತಿಗೆ ಕೈ ತೆಗೆಯುವುದಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅವರೆದುರು ಕೂರುತ್ತಾರೆ.

“ಸರಿ, ಅದು ತೀರ್ತು. ಇನ್ನು ರೇಟ್ ಮಾತಾಡಿ. ಕಮ್ಮಿ ಅಂತೂ ಮಾಡಲ್ಲ.”