ಮುನ್ಸೂಚನೆ ಇರಲಿಲ್ಲವೆಂದು ಬರೆದುಕೊಟ್ಟೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಐದಾರು ಕಿಲೋಮೀಟರ್ ದೂರದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಒಂಬತ್ತು ವರ್ಷ ವಿಜ್ಞಾನ ಪಾಠ ಮಾಡಿದೆ. ಹೇಳಿಕೊಟ್ಟದ್ದರಲ್ಲಿ ಎಷ್ಟು ಮಕ್ಕಳ ತಲೆಯಲ್ಲಿ ಉಳಿಯಿತೋ ಗೊತ್ತಿಲ್ಲ. ನನ್ನ ತಲೆಯಲ್ಲಿ ಉಳಿದಿರುವುದು ಒಂದು ಮಧ್ಯಾಹ್ನ, ಮತ್ತು ಅದಾದ ಮೇಲೆ ನಾನು ಸಹಿ ಹಾಕಿದ ಒಂದು ಹಾಳೆ.

ಮಾರ್ಚ್ ಇಪ್ಪತ್ತಮೂರು ವಿಶ್ವ ಹವಾಮಾನ ದಿನ. ನಮ್ಮ ಕಡೆಯ ಶಾಲೆಗಳಲ್ಲಿ ಅದನ್ನು ಯಾರೂ ಆಚರಿಸುವುದಿಲ್ಲ. ಪರೀಕ್ಷೆ ಹತ್ತಿರ ಬಂದಿರುತ್ತದೆ, ಬಿಸಿಲು ನೆತ್ತಿ ಸುಡುತ್ತಿರುತ್ತದೆ. ನಾನು ಮಾತ್ರ ಹಟ ಹಿಡಿದು ಪ್ರತಿ ವರ್ಷ ಏಳನೇ ತರಗತಿಯ ಕೋಣೆಯಲ್ಲಿ ಒಂದು ಗಂಟೆ ಏನಾದರೂ ಮಾಡಿಸುತ್ತಿದ್ದೆ. ಖಾಲಿ ಬಾಟಲಿ ಕತ್ತರಿಸಿ ಮಳೆ ಅಳೆಯುವ ಮಾಪಕ, ಗಾಜಿನ ಸೀಸೆಯ ಬಾಯಿಗೆ ಬಲೂನು ಬಿಗಿದು ಗಾಳಿಯ ಒತ್ತಡ ತೋರಿಸುವ ಆಟ, ಗಾಳಿಯ ದಿಕ್ಕು ತೋರಿಸಲು ರಟ್ಟಿನಲ್ಲಿ ಮಾಡಿದ ಗಾಳಿಕೋಳಿ. ಅಷ್ಟೇ.

ಶಾಲೆಯಲ್ಲಿ ನನ್ನ ಈ ಹುಚ್ಚನ್ನು ಗಂಭೀರವಾಗಿ ತೆಗೆದುಕೊಂಡವರು ಒಬ್ಬರೇ, ಬಿಸಿಯೂಟದ ಅಡುಗೆ ಮಾಡುತ್ತಿದ್ದ ಅಕ್ಕ. ನಲವತ್ತೈದು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ನೆಂದ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಹುಳುವಿಗೆ ರೋಗ ಬರುತ್ತದೆ, ಹಾಗಾಗಿ ಮಳೆಗೆ ಮುಂಚೆ ಸೊಪ್ಪು ಕೊಯ್ದಿಡಬೇಕು. ಬೆಳಿಗ್ಗೆ ನಾನು ಬೈಕು ನಿಲ್ಲಿಸುತ್ತಿದ್ದಂತೆ ಅಡುಗೆಮನೆಯ ಬಾಗಿಲಿಂದ, "ಮೇಷ್ಟ್ರೇ, ಇವತ್ತೇನಂತೆ?" ಎಂದು ಕೇಳುತ್ತಿದ್ದರು. ಫೋನಿನಲ್ಲಿ ನೋಡಿ ಹೇಳುತ್ತಿದ್ದೆ. ಮಳೆ ಇದೆಯೆಂದರೆ ಓಡಿಹೋಗಿ ಸೊಪ್ಪು ಕೊಯ್ದಿಟ್ಟು ಬರುತ್ತಿದ್ದರು.

ಆ ವರ್ಷ ಹೆಡ್ಮಾಸ್ತರರಿಗೆ ಒಂದು ಯೋಚನೆ ಹೊಳೆಯಿತು. ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಡುತ್ತೇನೆಂದು ಒಬ್ಬ ಮುಖಂಡರು ಮಾತು ಕೊಟ್ಟು ಮರೆತಿದ್ದರು. ಅವರನ್ನು ಕರೆಸಲು ನೆಪ ಬೇಕಿತ್ತು. "ನಿಮ್ಮ ಹವಾಮಾನ ದಿನ ಈ ಸಲ ದೊಡ್ಡದಾಗಿ ಮಾಡೋಣ. ಸಂಚಾಲಕರು ನೀವೇ" ಎಂದರು. ನಾನು ಉಬ್ಬಿಹೋದೆ.

ಮೈದಾನದಲ್ಲಿ ಶಾಮಿಯಾನ ಎದ್ದಿತು. ಬೇಸಿಗೆಯ ನೆಲ ಕಲ್ಲಾಗಿತ್ತು. ಗೂಟ ನಾಲ್ಕು ಬೆರಳು ಕೂಡ ಇಳಿಯಲಿಲ್ಲ. ಶಾಮಿಯಾನದವರು ಹಗ್ಗಗಳನ್ನು ಗೋಡೆ ಕಟ್ಟುವ ಸೈಜುಗಲ್ಲುಗಳಿಗೆ ಕಟ್ಟಿ ಹೋದರು. ಹನ್ನೊಂದಕ್ಕೆ ಬರಬೇಕಿದ್ದ ಮುಖಂಡರು ಎರಡು ಗಂಟೆಯಾದರೂ ಬರಲಿಲ್ಲ. ಮಕ್ಕಳು ಬೆಳಗಿನಿಂದ ಚಾಪೆಯ ಮೇಲೆ ಕೂತು ಬೆವರುತ್ತಿದ್ದವು.

ಆಗ ನನ್ನ ಫೋನಿಗೆ ಹವಾಮಾನ ಇಲಾಖೆಯ ಸಂದೇಶ ಬಂತು. ಮುಂದಿನ ಮೂರು ಗಂಟೆಗಳಲ್ಲಿ ತಾಲ್ಲೂಕಿನ ಕೆಲವೆಡೆ ಬಿರುಗಾಳಿ, ಆಲಿಕಲ್ಲು ಸಹಿತ ಗುಡುಗು ಮಳೆ, ಬಯಲಿನಲ್ಲಿ ನಿಲ್ಲಬೇಡಿ. ಹೆಡ್ಮಾಸ್ತರರು ಅಡುಗೆಮನೆಯಲ್ಲಿ ಕೇಸರಿಬಾತಿನ ರುಚಿ ನೋಡುತ್ತಿದ್ದರು. ಅಲ್ಲಿಗೆ ಹೋಗಿ ಗಟ್ಟಿಯಾಗಿ ಓದಿದೆ.

"ಸಾರ್, ಮಕ್ಕಳನ್ನ ಒಳಗೆ ಕೂರ್ಸೋಣ. ಭಾಷಣ ವರಾಂಡದಲ್ಲೇ ಮಾಡಿಸ್ಬಹುದು."

"ಇಂಥ ಮೆಸೇಜು ದಿನಕ್ಕೆ ಹತ್ತು ಬರ್ತವೆ. ಮೇಲೆ ನೋಡ್ರಿ, ಎಂಥ ಬಿಸ್ಲು."

"ಬಿಸ್ಲು ಇಷ್ಟು ಇರೋದಕ್ಕೇ ಸಾರ್, ಮೋಡ ಬೇಗ ಕಟ್ಟುತ್ತೆ."

"ಪಾಠ ಆಮೇಲೆ ಮಾಡೀರಂತೆ. ಅವ್ರು ದೇವನಹಳ್ಳಿ ಬಿಟ್ಟಿದ್ದಾರೆ. ಖಾಲಿ ಶಾಮಿಯಾನ ತೋರ್ಸಕ್ಕಾಗುತ್ತಾ?"

ಅಕ್ಕ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದರು. ನಾನು ಅಲ್ಲಿಂದ ಹೊರಬಂದೆ. ನೀರು ಕುಡಿಸುವ ನೆಪದಲ್ಲಿ ಒಂದು, ಎರಡನೇ ತರಗತಿಯ ಮಕ್ಕಳನ್ನು ಒಳಗೆ ಕಳಿಸಿದೆ. ಮುಂದಿನ ಸಾಲು ಬರಿದಾದದ್ದು ಕಂಡು ಹೆಡ್ಮಾಸ್ತರರು ಐದೇ ನಿಮಿಷದಲ್ಲಿ ಅವರನ್ನು ವಾಪಸು ಕರೆಸಿ ಕೂರಿಸಿದರು. ಅದನ್ನೂ ನೋಡಿಕೊಂಡು ನಿಂತೆ.

ಮುಖಂಡರು ಬಂದರು. ಹಾರ, ಶಾಲು, ಫೋಟೋ ಆದವು. ಮಳೆ ಬೆಳೆ ಭಗವಂತನ ಕೈಲಿದೆ ಎಂದು ಅವರು ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ನಾನು ಬರೆದುಕೊಟ್ಟಿದ್ದ ಭಾಷಣ ಒಪ್ಪಿಸತೊಡಗಿದಳು. ಅಷ್ಟರಲ್ಲಿ ನಂದಿ ಬೆಟ್ಟದ ಕಡೆ ಆಕಾಶ ಕಪ್ಪಾಗಿತ್ತು. "ಮುನ್ಸೂಚನೆಯನ್ನು ನಂಬಿ ನಡೆದರೆ ಜೀವಗಳು ಉಳಿಯುತ್ತವೆ" ಎಂಬ ಸಾಲು ಅವಳ ಬಾಯಲ್ಲಿ ಬರುವಾಗ ಮೊದಲ ಧೂಳು ನುಗ್ಗಿತು. ಮುಖಂಡರನ್ನು ಅವರ ಕಡೆಯವರು ಎಬ್ಬಿಸಿಕೊಂಡು ಹೋಗಿ ಕಾರಿಗೆ ಹತ್ತಿಸಿದರು. ಹೆಡ್ಮಾಸ್ತರರು ಅವರ ಹಿಂದೆಯೇ ಓಡಿದರು.

ಶಾಮಿಯಾನದ ಬಟ್ಟೆ ಹೊಟ್ಟೆ ಉಬ್ಬಿದಂತೆ ಮೇಲೆದ್ದಿತು. ಹಗ್ಗ ಕಟ್ಟಿದ್ದ ಕಲ್ಲುಗಳು ನೆಲದ ಮೇಲೆ ದರದರ ಎಳೆದುಕೊಂಡು ಬಂದವು. ಮುಂದಿನ ಕಬ್ಬಿಣದ ಕಂಬದ ಹತ್ತಿರ ಅಕ್ಕ ಯಾವಾಗ ಬಂದು ನಿಂತಿದ್ದರೋ ನಾನು ಗಮನಿಸಿರಲಿಲ್ಲ. ಎರಡೂ ತೋಳಿನಿಂದ ಅದನ್ನು ತಬ್ಬಿಕೊಂಡು, "ಒಳಗೋಡ್ರೋ, ಓಡ್ರೋ" ಎಂದು ಕೂಗುತ್ತಿದ್ದರು. ಚಿಕ್ಕ ಮಕ್ಕಳು ಅವರ ಪಕ್ಕದಲ್ಲೇ ತೂರಿ ವರಾಂಡ ಸೇರಿದವು. ಎರಡನೆಯ ಸಲ ಗಾಳಿ ಬೀಸಿದಾಗ ಕಂಬವೂ ಮೇಲಿನ ಅಡ್ಡ ಪೈಪೂ ಒಟ್ಟಿಗೆ ಅವರ ಬಲಗೈ ಮೇಲೆ ಬಿದ್ದವು. ಆಮೇಲೆ ಆಲಿಕಲ್ಲು.

ನಾನು ಆಗ ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಿಲ್ಲ. ಮೈಕ್ ಸೆಟ್ಟು ನೆನೆಯುತ್ತದೆಂದು ಅದರ ಡಬ್ಬ ಎತ್ತಿಕೊಂಡು ಸ್ಟಾಫ್ ರೂಮಿನ ಕಡೆ ಓಡುತ್ತಿದ್ದೆ.

ಒಂದು ಮಗುವಿಗೂ ಗಾಯವಾಗಲಿಲ್ಲ. ಅಕ್ಕನ ಮೊಣಕೈ ಪುಡಿಯಾಗಿತ್ತು. ದೇವನಹಳ್ಳಿ ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ಎರಡು ಸಲ ಆಪರೇಷನ್ ಆದರೂ ಕೈ ನೆಟ್ಟಗಾಗಲಿಲ್ಲ.

ವಾರದೊಳಗೆ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಅವರು ಬರುವ ಅರ್ಧ ಗಂಟೆ ಮುಂಚೆ ಹೆಡ್ಮಾಸ್ತರರು ಟೈಪು ಮಾಡಿಸಿದ ಹೇಳಿಕೆಯನ್ನು ನನ್ನ ಮುಂದಿಟ್ಟರು. ಗಾಳಿ ಮಳೆಯ ಬಗ್ಗೆ ಯಾವುದೇ ಮುನ್ಸೂಚನೆ ಇರಲಿಲ್ಲ ಎಂದು ಅದರಲ್ಲಿತ್ತು. ಸದರಿ ಅಡುಗೆ ಸಿಬ್ಬಂದಿಯು ಶಿಕ್ಷಕರ ಸೂಚನೆಯನ್ನು ಲೆಕ್ಕಿಸದೆ ಸ್ವಇಚ್ಛೆಯಿಂದ ಕಂಬದ ಬಳಿ ಹೋಗಿದ್ದರು ಎಂದೂ ಇತ್ತು.

"ಸಾರ್, ಮೆಸೇಜ್ ಬಂದಿತ್ತಲ್ಲ. ನಾನೇ ಓದಿದ್ನಲ್ಲ."

"ಹೌದು, ಓದಿದ್ರಿ. ಗೊತ್ತಿದ್ದೂ ಕಾರ್ಯಕ್ರಮ ನಡೆಸಿದ್ರು ಅಂತ ಬರೆದ್ರೆ ಮೊದ್ಲು ಸಸ್ಪೆಂಡ್ ಆಗೋದು ಸಂಚಾಲಕರು. ನಾನಂತೂ ಇನ್ನೊಂದೂವರೆ ವರ್ಷಕ್ಕೆ ಮನೆಗೆ ಹೋಗೋನು. ನಿಮ್ಗೆ ಇನ್ನೂ ಸರ್ವೀಸಿದೆ. ಯೋಚ್ನೆ ಮಾಡಿ."

ಯೋಚನೆ ಮಾಡಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡೂ ಸಾಲುಗಳನ್ನು ಓದಿಯೇ ಸಹಿ ಹಾಕಿದೆ. ಓದದೆ ಹಾಕಿದೆ ಎಂದು ಹೇಳಿಕೊಳ್ಳುವಂತಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ಜೂನ್‌ನಲ್ಲಿ ಶಾಲೆ ತೆರೆದಾಗ ಅಡುಗೆಗೆ ಬೇರೆಯವರು ಬಂದಿದ್ದರು. ಅಕ್ಕ ಪರಿಹಾರಕ್ಕೆ ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ಕಾರಣವಾಗಿ ನಮ್ಮ ಹೇಳಿಕೆಯ ಎರಡನೆಯ ಸಾಲನ್ನೇ ಎತ್ತಿ ಬರೆದಿದ್ದರು. ಒಂದು ಭಾನುವಾರ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಹುಳುವಿನ ತಟ್ಟೆಗಳೆಲ್ಲ ಖಾಲಿಯಾಗಿ ಗೋಡೆಗೆ ಒರಗಿದ್ದವು. ಎಡಗೈಯಲ್ಲಿ ಸೊಪ್ಪು ಕೊಯ್ಯಲು ಆಗುತ್ತಿಲ್ಲ ಎಂದರು. ಎಡಗೈಯಲ್ಲೇ ಟೀ ತಂದುಕೊಟ್ಟರು.

"ಅವತ್ತು ನೀವು ಓದಿದ್ದು ನಂಗೂ ಕೇಳಿಸ್ತು ಮೇಷ್ಟ್ರೇ" ಎಂದರು. "ನೀವು ಹೇಳಿದ್ರೆ ಗಾಳಿ ಬಂದೇ ಬರ್ತದೆ ಅಂತ ನಂಗೊತ್ತು. ಎಷ್ಟು ವರ್ಷದಿಂದ ನೋಡಿಲ್ಲ? ಅದಕ್ಕೇ ಒಲೆ ಆರ್ಸಿ, ಆ ಚಿಕ್ಕಮಕ್ಕಳ ಹತ್ರ ಹೋಗಿ ನಿಂತ್ಕೊಂಡಿದ್ದು."

ನಾನು ಲೋಟ ಕೆಳಗಿಟ್ಟೆ.

"ಯಾರೂ ಮುಂಚೆ ಹೇಳಿರ್ಲಿಲ್ಲ ಅಂತ ನೀವೇ ಬರ್ಕೊಟ್ರಂತೆ. ಹೌದಾ?"

"ಹೌದಕ್ಕ."

"ಸರಿ ಬಿಡಿ" ಎಂದರು. ಲೋಟ ನನ್ನ ಕಡೆ ಸರಿಸಿ, "ಟೀ ಆರೋಗ್ತದೆ, ಕುಡೀರಿ" ಎಂದರು. ಬೈದಿದ್ದರೆ ಎದ್ದು ಬರಬಹುದಿತ್ತು.

ಹೆಡ್ಮಾಸ್ತರರು ಸಕಾಲಕ್ಕೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಅವರ ಆಡಳಿತ ದಕ್ಷತೆಯ ಬಗ್ಗೆ ನಾಲ್ಕು ಮಾತು ಆಡಿದವರಲ್ಲಿ ನಾನೂ ಒಬ್ಬ. ಅವರು ಹೋಗಿ ನಾಲ್ಕು ತಿಂಗಳಾದ ಮೇಲೆ, ಇನ್ನು ಭಯವಿಲ್ಲವೆಂದು ಖಾತ್ರಿ ಮಾಡಿಕೊಂಡು, ನಡೆದದ್ದನ್ನೆಲ್ಲ ಬರೆದು, ಸಂದೇಶದ ಪ್ರತಿಯನ್ನೂ ಲಗತ್ತಿಸಿ ಕಚೇರಿಗೆ ಕಳಿಸಿದೆ. ಉತ್ತರ ಬಂತು. ಸದರಿ ಕಡತ ಮುಕ್ತಾಯವಾಗಿದೆ. ವಿಚಾರಣೆಯ ವೇಳೆ ಸುಳ್ಳು ಹೇಳಿಕೆ ನೀಡಿದ್ದಕ್ಕೆ ತಾವು ಏಳು ದಿನದೊಳಗೆ ಸಮಜಾಯಿಷಿ ಸಲ್ಲಿಸತಕ್ಕದ್ದು. ಸಲ್ಲಿಸಿದೆ. ಒಂದು ಎಚ್ಚರಿಕೆ ಪತ್ರ ಸಿಕ್ಕಿತು, ಮುಂದಿನ ವರ್ಷ ಹೊಸಕೋಟೆ ಕಡೆಗೆ ವರ್ಗವಾಯಿತು.

ಹೊರಡುವ ಮುಂಚೆ ಅಕ್ಕನಿಗೆ ತಿಳಿಸೋಣವೆಂದು ಹುಡುಕಿಕೊಂಡು ಹೋದೆ. ಆಗ ಅವರು ವಿಜಯಪುರದ, ರೇಷ್ಮೆ ನೂಲು ತೆಗೆಯುವ ಒಂದು ರೀಲಿಂಗ್ ಘಟಕದಲ್ಲಿ ಕೆಟ್ಟ ಗೂಡು ಆರಿಸುವ ಕೆಲಸಕ್ಕೆ ಸೇರಿದ್ದರು. ಬಾಗಿಲಾಚೆ ಬಂದು ನಿಂತರು. ಪತ್ರ ಬರೆದ ವಿಷಯ, ಉತ್ತರ ಬಂದ ವಿಷಯ ಎಲ್ಲ ಹೇಳಿದೆ.

"ಈಗ್ಯಾಕೆ ಬರೆಯಕ್ಕೋದ್ರಿ?" ಎಂದರು. "ನಿಮ್ಗೂ ತೊಂದ್ರೆ ಆಯ್ತಲ್ಲ, ಪಾಪ." ಒಳಗಿನಿಂದ ಯಾರೋ ಕರೆದರು. "ಬರ್ತೀನಿ ಮೇಷ್ಟ್ರೇ" ಎಂದು ಹೋಗಿಬಿಟ್ಟರು.

ಹೊಸ ಶಾಲೆಯಲ್ಲಿ ವಿಜ್ಞಾನಕ್ಕೂ ಗಣಿತಕ್ಕೂ ಶಿಕ್ಷಕರು ಬೇಕಾಗಿದ್ದರು. ಯಾವುದು ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ, ಗಣಿತ ಕೊಡಿ ಎಂದೆ.