ಬೀಗದಕೈ ಕೊಟ್ಟಳು, ಕ್ಲಾಸು ಕೊಡಲಿಲ್ಲ

ನನ್ನ ಅಕ್ಕ ವಿಶ್ವವಿದ್ಯಾಲಯದಲ್ಲಿ ಕಲಿಸುವ ಪರದೇಶದ ಭಾಷೆಯ ಹೆಸರು ಹೇಳಿದರೆ ಜನ ಮೊದಲು ಕೇಳುವುದು, "ಅದನ್ನ ಯಾರು ಮಾತಾಡ್ತಾರೆ?" ಅಂತ. "ಅಲ್ಲಿನ ಕೋಳಿಗಳನ್ನ ಬಿಟ್ಟು ಎಲ್ಲರೂ" ಅನ್ನುತ್ತಾಳೆ ಅವಳು.

ನಾನು ಗ್ಯಾರೇಜಿನವನು. ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿದವನು. ಅವಳ ಪಾಠದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಅದಕ್ಕೆ ಬಾಯಿ ಬೇಕು. ಅವಳು ಒಂದು ವಾಕ್ಯ ಹೇಳಿದರೆ ಮಕ್ಕಳು ಒಟ್ಟಿಗೆ ಗಟ್ಟಿಯಾಗಿ ಹೇಳಬೇಕು, ನಾಲಿಗೆ ಹೊರಳುವವರೆಗೆ. ಆ ದೇಶದಲ್ಲಿ ವರ್ಷಗಟ್ಟಲೆ ಇದ್ದು, ಅಂಗಡಿಯವರ ಹತ್ತಿರ ಬೈಸಿಕೊಂಡು ಅವಳು ಕಲಿತದ್ದೂ ಹಾಗೆಯೇ.

ಈ ವರ್ಷ ಪಕ್ಕದ ಕೋಣೆಗೆ ಬಂದ ಲೆಕ್ಕಶಾಸ್ತ್ರದ ಮೇಷ್ಟ್ರು ಗಲಾಟೆ ಅಂತ ದೂರು ಕೊಟ್ಟರು. ಕುಲಸಚಿವರು ಅಕ್ಕನನ್ನು ಕರೆಸಿ, "ಇರೋದೇ ಮೂರು ಮಕ್ಕಳು. ಸದ್ದಿಲ್ಲದೆ ಓದಿಸಿ. ಆಗಲ್ಲ ಅಂದ್ರೆ ಬೀಗದಕೈ ಕೊಡಿ, ಕ್ಲಾಸು ಮುಚ್ಚೋಣ" ಅಂದರು. ಅಕ್ಕ ಬೀಗದಕೈ ಮೇಜಿನ ಮೇಲಿಟ್ಟು ಎದ್ದುಬಂದಳು.

ಸಂಜೆ ಕೇಳಿ ನನಗೆ ಪಿತ್ತ ನೆತ್ತಿಗೇರಿತು. "ನಾಳೆ ನಾನೇ ಬರ್ತೀನಿ. ಆ ಕುಲಸಚಿವನ ಕಾಲರ್ ಹಿಡೀತೀನಿ."

"ಬಾ," ಅಂದಳು ಅಕ್ಕ, ಬಟ್ಟೆ ಮಡಿಸುತ್ತ. "ಕೈ ಗ್ಯಾರೇಜಲ್ಲಿಟ್ಟು ಬಾ. ಬಾಯಿ ಮಾತ್ರ ತಗೊಂಡು ಬಾ."

ಮರುದಿನ ಕುಲಸಚಿವರ ಬಾಗಿಲೆದುರು, ಅರ್ಜಿದಾರರು ಕಾಯುವ ಬೆಂಚಿನ ಮೇಲೆ ಅವಳು ಮಕ್ಕಳನ್ನು ಕೂರಿಸಿದ್ದಳು. "ಕೊಟ್ಟಿದ್ದು ಬೀಗದಕೈ. ಕ್ಲಾಸು ಕೊಟ್ಟಿಲ್ಲ," ಅಂದಳು. ಪಾಠ ಶುರುವಾಯಿತು. ಮಕ್ಕಳ ದನಿ ಹೆದರಿ ಒಳಗೇ ಉಳಿಯಿತು. ಅಕ್ಕ ನನ್ನತ್ತ ನೋಡಿದಳು. ಎಂಜಿನ್ ಸದ್ದಿನ ನಡುವೆಯೂ ರಸ್ತೆಯಾಚೆಯ ಟೀ ಅಂಗಡಿಗೆ ಕೇಳಿಸುವ ಗಂಟಲು ನನ್ನದು. ಅವಳು ಹೇಳಿದ ವಾಕ್ಯವನ್ನೇ ಅರ್ಥ ತಿಳಿಯದೆ ಕೂಗಿದೆ. ಮಕ್ಕಳಿಗೂ ಧೈರ್ಯ ಬಂತು. ಸಹಿಗಾಗಿ ಕಾದು ಬೇಸತ್ತಿದ್ದ ಅಜ್ಜನೊಬ್ಬ, "ಸುಮ್ನೆ ಕೂರೋದಕ್ಕಿಂತ ವಾಸಿ" ಅಂತ ದನಿಗೂಡಿಸಿದ.

ಕುಲಸಚಿವರು ಹೊರಬಂದರು. "ಮೇಡಂ, ಇದು ಆಫೀಸು."

"ಗೊತ್ತು ಸರ್. ಇಲ್ಲಿ ಬೇರೆ ಯಾರೂ ಪಾಠ ಮಾಡ್ತಿಲ್ಲ. ತೊಂದರೆ ಆಗಲ್ಲ ಅಂತ ಬಂದೆ."

"ಈತ ಯಾರು?"

"ನನ್ನ ತಮ್ಮ. ಉಚ್ಚಾರ ಕೆಟ್ಟದ್ದು, ಗಂಟಲು ಒಳ್ಳೇದು."

ನಾವೇನು ಕೂಗುತ್ತಿದ್ದೇವೆ ಅಂತ ಅವರು ಕೇಳಿದರು. "ಈರುಳ್ಳಿ ಹೇಗೆ ಕೊಡ್ತೀರಿ ಅಂತ," ಅಂದಳು ಅಕ್ಕ. ನನಗೂ ಆಗಲೇ ಗೊತ್ತಾದದ್ದು.

ಮಧ್ಯಾಹ್ನದವರೆಗೂ ಈರುಳ್ಳಿ ಕೇಳಿದೆವು. ಕೊನೆಗೆ ಗುಮಾಸ್ತ ಹೊಸ ಬೀಗದಕೈ ತಂದ: ಹಿಂಭಾಗದಲ್ಲಿ, ಜನರೇಟರ್ ಪಕ್ಕದ ಕೋಣೆ.

ಡೀಸೆಲ್ ವಾಸನೆ, ಕಿವಿ ಕಿತ್ತುಹೋಗುವ ಸದ್ದು. "ಒಂದು ಸ್ಪ್ಯಾನರ್ ಸಾಕು, ಇದರ ಬಾಯಿ ಮುಚ್ಚಿಸ್ತೀನಿ," ಅಂದೆ.

"ಮುಟ್ಟಬೇಡ," ಅಂದಳು ಅಕ್ಕ, ಬೋರ್ಡು ಒರೆಸುತ್ತ. "ಇದರ ಮೇಲೆ ಕೂಗಿ ಕಲಿತವರನ್ನ ಇನ್ನು ಯಾರು ಸುಮ್ಮನಿರಿಸ್ತಾರೆ ನೋಡೋಣ."