ಶಶಿಪ್ರಭಾ ಹೆಸರು ಹೇಳಿದ್ದು

ಗುರುವಾಯನಕೆರೆಯ ಆಟೋ ಸ್ಟ್ಯಾಂಡಿನ ಎದುರು ರವಿಕೆ ಹೊಲಿಯುವ ಶಶಿಪ್ರಭಾ ಯಾರ ತಂಟೆಗೂ ಹೋಗುವವಳಲ್ಲ. ಒಂದು ಸಂಜೆ ಅಂಗಡಿಯ ಷಟರ್ ಎಳೆಯುತ್ತಿದ್ದಾಗ, ಕಾರಿಗೆ ದಾರಿ ಬಿಡಲಿಲ್ಲವೆಂದು ತರುಣ್ ಎಂಬವನು ಆಟೋದ ಮುಂಡಪ್ಪನ ತಲೆಗೆ ಕಬ್ಬಿಣದ ರಾಡಿನಿಂದ ಹೊಡೆದದ್ದು ಅವಳ ಕಣ್ಣಿಗೆ ಬಿತ್ತು. ಮುಂಡಪ್ಪ ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡ. ಸ್ಟ್ಯಾಂಡಿನಲ್ಲಿದ್ದ ಗಂಡಸರೆಲ್ಲ ತಾವು ಆಚೆ ತಿರುಗಿದ್ದೆವೆಂದು ಪೊಲೀಸರಿಗೆ ಹೇಳಿದರು. ತರುಣನ ಮಾವಂದಿರು ಎಂಥವರೆಂದು ಎಲ್ಲರಿಗೂ ಗೊತ್ತಿತ್ತು.

ಹೆಸರು ಹೊರಗೆ ಬರಬಾರದೆಂಬ ಷರತ್ತಿನ ಮೇಲೆ ಶಶಿಪ್ರಭಾ ಸಾಕ್ಷಿ ಹೇಳಲು ಒಪ್ಪಿದಳು. ನ್ಯಾಯಾಧೀಶರು ಅನುಮತಿ ಕೊಟ್ಟರು. ಮಂಗಳೂರಿನ ಕೋರ್ಟಿನಲ್ಲಿ ಬೇರೊಂದು ಕೋಣೆಯಲ್ಲಿ ಕೂತು, ಯಂತ್ರ ಬದಲಿಸಿದ ಧ್ವನಿಯಲ್ಲಿ ಕಂಡದ್ದನ್ನು ಹೇಳಿದಳು. ತರುಣನ ವಕೀಲರ ಪಾಟೀಸವಾಲು ಮುಂದಿನ ತಾರೀಕಿಗೆ ಹೋಯಿತು.

ಆದರೆ 'ಅಂಗಡಿಯ ಷಟರ್ ಎಳೆಯುತ್ತಿದ್ದೆ' ಎಂಬ ಒಂದು ಮಾತು ಊರಿಗೆ ಸಾಕಾಯಿತು. ಸಾಕ್ಷಿ ಹೆಂಗಸೆಂಬುದೂ ಹೇಗೋ ಹೊರಬಿದ್ದಿತ್ತು; ಸ್ಟ್ಯಾಂಡಿನ ಎದುರು ಹೆಂಗಸರು ನಡೆಸುವ ಅಂಗಡಿ ಎರಡೇ. ಶಶಿಪ್ರಭಾ ಇಂಥದ್ದಕ್ಕೆ ಹೋಗುವವಳಲ್ಲವೆಂದು ಜನ ಬಳೆಯಂಗಡಿಯ ನಬೀಸಾಳ ಮೇಲೆ ಬಿದ್ದರು. ಅವಳ ಷಟರಿಗೆ ಸುಟ್ಟ ಎಂಜಿನ್ ಆಯಿಲ್ ಸುರಿದರು. ತರುಣನ ತಾಯಿ ನಡುಬೀದಿಯಲ್ಲಿ ನಿಂತು ಅವಳ ಮಕ್ಕಳು ಮರಿಗಳಿಗೆಲ್ಲ ಶಾಪ ಹಾಕಿದಳು. ಕಟ್ಟಡದ ಮಾಲೀಕ ಅಂಗಡಿ ಖಾಲಿ ಮಾಡೆಂದ.

ನಬೀಸಾ ಶಶಿಪ್ರಭಾಳ ಅಂಗಡಿಗೆ ಬಂದು ಕುಸಿದು ಕೂತಳು. "ನಾನು ಎಂತ ನೋಡಿದ್ದೇನೆ ಮಾರಾಯ್ತಿ? ಆ ದಿನ ಮಗಳ ಮನೆಯಲ್ಲಿದ್ದೆ. ಹೇಳಿದವಳು ಎಲ್ಲಿಯೋ ಹಾಯಾಗಿ ಇದ್ದಾಳೆ. ಅವಳಿಗೆ ಒಳ್ಳೆದಾಗ್ಲಿಕ್ಕಿಲ್ಲ."

ಶಶಿಪ್ರಭಾ ಕೈಯಲ್ಲಿದ್ದ ರವಿಕೆಗೆ ಗುಂಡಿ ಹೊಲಿಯುತ್ತಲೇ ಇದ್ದಳು. ಮರುದಿನವೇ ಸರ್ಕಾರಿ ವಕೀಲರ ಬಳಿ ಹೋಗಿ, ಇನ್ನು ಮರೆ ಬೇಡವೆಂದಳು.

"ತಲೆ ಸರಿ ಉಂಟಾ ನಿಮಗೆ? ಅವರು ಸುಮ್ಮನೆ ಬಿಡ್ತಾರಾ?" ಎಂದು ವಕೀಲರು ಸಿಡುಕಿದರು.

"ಈಗ ಎಲ್ಲಿ ಬಿಟ್ಟಿದ್ದಾರೆ ಸರ್? ನನ್ನ ಪೆಟ್ಟು ನಬೀಸಕ್ಕ ತಿಂತಿದ್ದಾರೆ."

ಮುಂದಿನ ತಾರೀಕಿಗೆ ಅವಳು ಕಟಕಟೆಯಲ್ಲೇ ನಿಂತು, ತಂದೆಯ ಹೆಸರು ಸಮೇತ ತನ್ನ ಹೆಸರು ಹೇಳಿದಳು. ತರುಣ್ ಅವಳನ್ನೇ ದುರುಗುಟ್ಟಿ ನೋಡಿದ.

"ಸತ್ಯ ಹೇಳುವವರು ಯಾಕೆ ಅಡಗಿ ಕೂತಿರಿ?" ತರುಣನ ವಕೀಲರು ಕೇಳಿದರು.

"ಹೆದರಿಕೆಯಿಂದ. ಹೆದರಿದ್ದು ಸರಿಯೇ ಅಂತ ನಬೀಸಕ್ಕನ ಅಂಗಡಿ ನೋಡಿದರೆ ಗೊತ್ತಾಗ್ತದೆ."

ಎರಡು ಗಂಟೆ ಕೆದಕಿದರೂ ಅವಳ ಮಾತು ಕದಲಲಿಲ್ಲ. ತರುಣನಿಗೆ ಜೀವಾವಧಿ ಶಿಕ್ಷೆಯಾಯಿತು.

ಊರಿನವರು ಅವಳನ್ನು ಮೆಚ್ಚಿದರೆಂದು ಯಾರೂ ತಿಳಿಯಬೇಡಿ. ಮದುವೆಯ ರವಿಕೆಗಳೆಲ್ಲ ಬೆಳ್ತಂಗಡಿಗೆ ಹೋದವು. ಆಟೋದವರು, ಮುಂಡಪ್ಪನ ಜೊತೆಗೇ ಚಹಾ ಕುಡಿದವರು, ಅವಳು ಕೈ ತೋರಿಸಿದರೆ ನಿಲ್ಲಿಸುವುದಿಲ್ಲ. ನಬೀಸಾಳೂ ಕ್ಷಮಿಸಲಿಲ್ಲ. ಬಳೆಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಮೂಡಬಿದಿರೆಗೆ ಹೊರಡುವ ದಿನ, ಸಹಾಯಕ್ಕೆ ಬಂದ ಶಶಿಪ್ರಭಾಳ ಕೈಯನ್ನು ತಳ್ಳಿದಳು.

"ನಾನು ಎದುರು ಕೂತು ಅಳುವಾಗ ನೀನು ಗುಂಡಿ ಹೊಲಿತಿದ್ದಿ. ಅದನ್ನು ಯಾವ ಕೋರ್ಟಿಗೆ ಹೇಳುವುದು?"

ಪೆಟ್ಟಿಗೆಗಳನ್ನು ಹೇರಿದ ಟೆಂಪೋ ತಿರುವು ದಾಟುವವರೆಗೂ ಶಶಿಪ್ರಭಾ ರಸ್ತೆಯಲ್ಲೇ ನಿಂತಿದ್ದಳು. ಹಿಂದಿನಿಂದ ಬಂದ ಆಟೋ ಹಾರ್ನ್ ಹಾಕಿ ಬೈದು ಹೋಯಿತು.